64 ಜಿಬಿ ಪೆನ್ ಡ್ರೈವ್‌ನಲ್ಲಿ 59 ಜಿಬಿ ಮಾತ್ರ! ಉಳಿದದ್ದು ಎಲ್ಲಿ ಹೋಯಿತು?

"64 ಜಿಬಿ ಎಂದು ದುಡ್ಡು ತೆಗೆದುಕೊಂಡು 59 ಜಿಬಿ ಕೊಡುತ್ತಾರೆ, ಇದು ಹಗಲು ದರೋಡೆ, ಎಲ್ಲರಿಗೂ ಶೇರ್ ಮಾಡಿ" ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗಿರುವ ಸ್ಕ್ರೀನ್‌ಶಾಟ್ ಸುಳ್ಳಲ್ಲ. ಆದರೆ ದರೋಡೆ ಎಂಬ ಮಾತು ಸರಿಯಲ್ಲ.

ಪೆನ್ ಡ್ರೈವ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ. 1000 ಬೈಟ್ ಒಂದು ಕೆಬಿ, 1000 ಕೆಬಿ ಒಂದು ಎಂಬಿ, 1000 ಎಂಬಿ ಒಂದು ಜಿಬಿ. ಕಿಲೋಮೀಟರ್, ಕಿಲೋಗ್ರಾಂನಲ್ಲಿರುವ ಕಿಲೋ ಇದೇ. ಹಾಗಾಗಿ 64 ಜಿಬಿ ಎಂದರೆ 6400 ಕೋಟಿ ಬೈಟ್. (ಒಂದು ಬೈಟ್ ಎಷ್ಟು ಚಿಕ್ಕದು ಎಂದರೆ, ನೀವು ಮೆಸೇಜಿನಲ್ಲಿ ಬರೆಯುವ 'ಕ' ಅಕ್ಷರ ಒಂದಕ್ಕೇ ಸಾಮಾನ್ಯವಾಗಿ 3 ಬೈಟ್ ಬೇಕು.)

ಕಂಪ್ಯೂಟರ್ ಕೆಲಸ ಮಾಡುವುದು ಎರಡರ ಲೆಕ್ಕದಲ್ಲಿ. ಎರಡನ್ನು ಹತ್ತು ಸಲ ಗುಣಿಸಿದರೆ 1024. ಸಾವಿರಕ್ಕೆ ಹತ್ತಿರವಿದೆ ಎಂದು ಅದನ್ನೂ ಕಿಲೋ ಎಂದೇ ಕರೆಯುವ ರೂಢಿ ಬೆಳೆಯಿತು. ವಿಂಡೋಸ್ ಈಗಲೂ ಈ ಲೆಕ್ಕವನ್ನೇ ಹಿಡಿದಿದೆ. ಅದರ ಒಂದು ಜಿಬಿ ಎಂದರೆ 1024ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು 107.37 ಕೋಟಿ ಬೈಟ್. 6400 ಕೋಟಿಯನ್ನು ಇದರಿಂದ ಭಾಗಿಸಿ ನೋಡಿ: 59.6 ಬರುತ್ತದೆ. ಒಂದು ಬೈಟ್ ಕೂಡ ಕಳೆದುಹೋಗಿಲ್ಲ, ಅಳೆಯುವ ಸೇರು ದೊಡ್ಡದಾಗಿದೆ ಅಷ್ಟೇ. ಅದೇ ಡ್ರೈವ್ ಅನ್ನು ಆಪಲ್ ಮ್ಯಾಕ್‌ಗೆ ಹಾಕಿದರೆ 64ರ ಹತ್ತಿರವೇ ತೋರಿಸುತ್ತದೆ, ಏಕೆಂದರೆ ಅದು 2009ರಿಂದ ಸಾವಿರದ ಲೆಕ್ಕಕ್ಕೆ ಬದಲಾಗಿದೆ.

ಮನಸ್ಸಿನಲ್ಲೇ ಲೆಕ್ಕ ಹಾಕಲು, ಪ್ಯಾಕೆಟ್ ಮೇಲಿನ ಜಿಬಿಯನ್ನು 0.93ರಿಂದ ಗುಣಿಸಿದರೆ ಸಾಕು. 32 ಇದ್ದದ್ದು 29.8, 128 ಇದ್ದದ್ದು 119, 1 ಟಿಬಿ ಹಾರ್ಡ್ ಡಿಸ್ಕ್ 931 ಜಿಬಿ. ಡ್ರೈವ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವ ಜಾಗವೂ ಸೇರಿ ಇನ್ನೊಂದೆರಡು ಜಿಬಿ ಕಡಿಮೆ ಕಂಡರೆ ಗಾಬರಿ ಬೇಡ.

ಈ ಗೊಂದಲ ತಪ್ಪಿಸಲೆಂದೇ 1998ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಇಸಿ, 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಅಂಗಡಿಯಲ್ಲಿ ಗಿಬಿಬೈಟ್ ಎಂದು ಯಾರಾದರೂ ಕೇಳಿದ್ದನ್ನು ನೀವು ನೋಡಿದ್ದೀರಾ? ಹಳೆಯ ಫ್ಲಾಪಿಯ 1.44 ಎಂಬಿಯಂತೂ ಎರಡೂ ಲೆಕ್ಕಗಳ ಕಲಬೆರಕೆ: 1.44 × 1000 × 1024 ಬೈಟ್!

ಇಂಟರ್ನೆಟ್ ವೇಗದ್ದು ಬೇರೆಯೇ ಕಥೆ. ಅಲ್ಲಿ ಎಣಿಸುವುದು ಬಿಟ್‌ಗಳನ್ನು, 8 ಬಿಟ್ ಸೇರಿದರೆ ಒಂದು ಬೈಟ್. 40 ಎಂಬಿಪಿಎಸ್ ಕನೆಕ್ಷನ್‌ನಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 5 ಎಂಬಿ, ಒಂದು ಜಿಬಿ ಸಿನಿಮಾಗೆ ಮೂರು ನಿಮಿಷಕ್ಕೂ ಹೆಚ್ಚು.

ಹಾಗಾದರೆ ಮೋಸವೇ ಇಲ್ಲವೇ? ಇದೆ, ಆದರೆ ಅದು ಬೇರೆ ಕಡೆ. "2 ಟಿಬಿ ಪೆನ್ ಡ್ರೈವ್ ಕೆಲವೇ ನೂರು ರೂಪಾಯಿಗೆ" ಎಂಬ ಜಾಹೀರಾತುಗಳ ಹಿಂದೆ ನಿಜವಾದ ಮೋಸ ಇರುತ್ತದೆ. ಒಳಗಿರುವ ಚಿಪ್ 16 ಅಥವಾ 32 ಜಿಬಿಯದು. ಅದರ ಕಂಟ್ರೋಲರ್‌ನ ಪ್ರೋಗ್ರಾಂ ತಿದ್ದಿ, 2 ಟಿಬಿ ಇದೆ ಎಂದು ಕಂಪ್ಯೂಟರ್‌ಗೆ ಸುಳ್ಳು ಹೇಳಿಸುತ್ತಾರೆ. ಆದ್ದರಿಂದ ಇಲ್ಲಿ ಮೇಲಿನ ಗುಣಾಕಾರ ಉಪಯೋಗಕ್ಕೆ ಬರುವುದಿಲ್ಲ. ನಕಲಿ ಡ್ರೈವ್‌ನಲ್ಲೂ ಅಂಕಿ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಫೋಟೋ ತುಂಬುತ್ತಾ ಹೋದಂತೆ ಎಲ್ಲವೂ ಕಾಪಿ ಆದಂತೆ ತೋರುತ್ತದೆ, ಫೈಲ್ ಹೆಸರುಗಳೂ ಇರುತ್ತವೆ. ಆಮೇಲೆ ತೆರೆದರೆ ಮದುವೆಯ ವಿಡಿಯೋ ಓಡುವುದಿಲ್ಲ. ಚಿಪ್ ತುಂಬಿದ ಮೇಲೆ ಹಾಕಿದ್ದು ಹಳೆಯದರ ಮೇಲೆ ಕುಳಿತಿರುತ್ತದೆ, ಇಲ್ಲವೇ ಎಲ್ಲೂ ಉಳಿದಿರುವುದಿಲ್ಲ.

ಇದನ್ನು ಪತ್ತೆ ಹಚ್ಚಲು ಡ್ರೈವ್ ಅನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡಬೇಕು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ದೊಡ್ಡ ಡ್ರೈವ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ, ಫೋನಿನಲ್ಲಿರುವ ಫೋಟೋಗಳನ್ನು ಅಳಿಸುವ ಮೊದಲೇ ಈ ಪರೀಕ್ಷೆ ಮಾಡಿಬಿಡಿ.