ಶಾಲೆ ಬಿಟ್ಟವರ ಜಾಡು: ಭೋರ್, ಜತ್ತ, ಅಕ್ಕಲಕೋಟೆಗಳಲ್ಲಿ ಅನುಸರಣಾ ಅಧ್ಯಯನದ ಸಾಧ್ಯತೆ

ಸೈಮನ್ ಆಯೋಗಕ್ಕೆ ನೆರವಾಗಲು ನೇಮಕಗೊಂಡ ಹಾರ್ಟಾಗ್ ಸಮಿತಿ 1929ರಲ್ಲಿ ಕೊಟ್ಟ ಒಂದು ಲೆಕ್ಕ ನಮ್ಮ ಬಿ.ಎಡ್. ಪಠ್ಯಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ಕೂತಿದೆ. 1922-23ರಲ್ಲಿ ಒಂದನೆಯ ತರಗತಿಯಲ್ಲಿದ್ದ ನೂರು ಮಕ್ಕಳಿಗೆ 1925-26ರಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದವರು 18 ಮಾತ್ರ. 'ಅಪವ್ಯಯ' (ನಡುವೆಯೇ ಶಾಲೆ ಬಿಡುವುದು) ಮತ್ತು 'ಸ್ಥಗಿತತೆ' (ಅದೇ ತರಗತಿಯಲ್ಲಿ ಉಳಿಯುವುದು) ಎಂಬ ಜೋಡಿ ಪದಗಳು ಶಿಕ್ಷಣಶಾಸ್ತ್ರದಲ್ಲಿ ಬೇರೂರಿದ್ದು ಈ ವರದಿಯಿಂದಲೇ. ಆದರೆ ಈ ಲೆಕ್ಕಕ್ಕಾಗಿ ಒಂದೇ ಒಂದು ಮಗುವನ್ನೂ ಯಾರೂ ಹಿಂಬಾಲಿಸಿರಲಿಲ್ಲ. ಮೂರು ವರ್ಷದ ಅಂತರದಲ್ಲಿ ತೆಗೆದ ಎರಡು ತಲೆಯೆಣಿಕೆಗಳನ್ನು ಅಕ್ಕಪಕ್ಕ ಇಟ್ಟರು, ಅಷ್ಟೇ. ಒಂದನೆಯ ತರಗತಿಯ ನೂರರಲ್ಲಿ ಅಲ್ಲೇ ಎರಡನೆಯ, ಮೂರನೆಯ ವರ್ಷ ಕೂತಿದ್ದವರೂ ಸೇರಿದ್ದರು. ನಾಲ್ಕಕ್ಕೆ ಬಾರದ 82ರಲ್ಲಿ ಶಾಲೆ ಬಿಟ್ಟವರೆಷ್ಟು, ಹಿಂದೆ ಉಳಿದವರೆಷ್ಟು, ಬೇರೆ ಊರಿನ ಶಾಲೆಗೆ ಹೋದವರೆಷ್ಟು, ಸತ್ತವರೆಷ್ಟು ಎಂದು ಆ ಅಂಕಿಯಿಂದ ಬಿಡಿಸಿ ಹೇಳಲಾಗದು.

ಈ ಲೇಖನದ ವಾದ ಇದು: ಶಿಕ್ಷಣದ ಅಥವಾ ಸಮಾಜಸೇವೆಯ ದೀರ್ಘಕಾಲೀನ ಫಲವನ್ನು ಅಳೆಯುವಲ್ಲಿ ನಿಜವಾದ ಕಷ್ಟ ಇರುವುದು ಅಂಕಿಅಂಶಶಾಸ್ತ್ರದಲ್ಲಲ್ಲ, ಹೊರಟುಹೋದವರನ್ನು ಹುಡುಕುವುದರಲ್ಲಿ. ಊರಲ್ಲಿ ಉಳಿದವರನ್ನಷ್ಟೇ ಮಾತಾಡಿಸಿ ಬರೆದ ವರದಿ ಊರಿನ ವರದಿಯಾದೀತು, ಶಾಲೆಯದ್ದಾಗದು. ಪುಣೆ ಜಿಲ್ಲೆಯ ಭೋರ್ ಇದನ್ನು ಪರೀಕ್ಷಿಸಲು ತಕ್ಕ ಜಾಗ.

ಭೋರ್ ಎಂದರೆ ಹೊರಗಿನವರಿಗೆ ಸಿನಿಮಾಗಳಲ್ಲಿ ಕಾಣುವ ರಾಜವಾಡೆ. ಕನ್ನಡಿಗರಿಗೆ ಅದರೊಡನೆ ಇನ್ನೊಂದು ನಂಟಿದೆ. ಪಂತ ಸಚಿವರ ಈ ಸಂಸ್ಥಾನ ಸಾತಾರಾ ಜಾಗೀರುಗಳಲ್ಲಿ ಒಂದು; ಜತ್ತ ಮತ್ತು ಅಕ್ಕಲಕೋಟೆಗಳೂ ಅದೇ ಗುಂಪಿನವು. 1948ರ ವಿಲೀನದ ಬಳಿಕ ದಾರಿಗಳು ಬೇರೆಯಾದವು. ಭೋರ್ ಪುಣೆಗೆ ಸೇರಿತು, ಅಕ್ಕಲಕೋಟೆ ಸೊಲ್ಲಾಪುರಕ್ಕೆ, ಜತ್ತ ಇಂದಿನ ಸಾಂಗಲಿಗೆ. ಒಂದೇ ಬಗೆಯ ಆಳ್ವಿಕೆಯಿಂದ ಹೊರಬಂದು ಒಂದೇ ರಾಜ್ಯದ ಜಿಲ್ಲಾ ಪರಿಷತ್ತುಗಳ ಕೈಗೆ ಬಂದ ಮೂರು ತಾಲ್ಲೂಕುಗಳು ಇವು. ಒಂದು ಮರಾಠಿಯದು, ಉಳಿದೆರಡರಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉದ್ದಕ್ಕೂ ಇವೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಣೆ ಸುಲಭವಾಗಿ ಸಿಗದು.

ಹುಡುಕಿಕೊಂಡು ಹೋಗುವ ಪರಂಪರೆಯೂ ಈ ಸೀಮೆಗೆ ಹೊಸದಲ್ಲ. ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯ ಡಿ.ಆರ್. ಗಾಡಗೀಳ ಮತ್ತು ವಿ.ಎಂ. ದಾಂಡೇಕರರು ಸಾತಾರಾ ಜಿಲ್ಲೆಯ ಪ್ರಾಥಮಿಕ ಶಿಕ್ಷಣದ ಮೇಲೆ ನಡೆಸಿದ ಎರಡು ಶೋಧಗಳ ವರದಿ 1955ರಲ್ಲಿ ಹೊರಬಂತು. ಒಂದರ ವಸ್ತು ಅಪವ್ಯಯ ಮತ್ತು ಸ್ಥಗಿತತೆ. ಇನ್ನೊಂದರದು, ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು, ಕಲಿತ ಅಕ್ಷರ ಮರೆತುಹೋಗುವ ಪ್ರಶ್ನೆ. ಶಾಲೆ ಬಿಟ್ಟು ವರ್ಷಗಳಾದವರಿಗೆ ಓದು ಬರಹ ಉಳಿದಿದೆಯೇ? ಇದಕ್ಕೆ ಶಾಲೆಯ ಕಡತದಲ್ಲಿ ಉತ್ತರ ಸಿಗುವುದಿಲ್ಲ. ಹೊಲಕ್ಕೆ, ಮನೆಗೆ ಹೋಗಿ ಓದಿಸಿಯೇ ನೋಡಬೇಕು. ನಾಲ್ಕನೆಯ ಇಯತ್ತೆ ಮುಗಿಸಿದವರಲ್ಲಿ ಅಕ್ಷರ ಮರೆತವರು, ಅದಕ್ಕೂ ಮೊದಲೇ ಬಿಟ್ಟವರಿಗಿಂತ ಬಹಳ ಕಡಿಮೆ ಎಂಬುದು ಅಲ್ಲಿ ಕಂಡ ಮುಖ್ಯ ಸಂಗತಿ. ತಲೆಯೆಣಿಕೆಯ ಶಾಸ್ತ್ರ ಅಷ್ಟು ಹೊತ್ತಿಗೆ ಇಲಾಖೆಗಳಲ್ಲಿ ಎಷ್ಟು ಬಲವಾಗಿತ್ತೆಂದರೆ, ಈ ಎರಡನೆಯ ಬಗೆಯ ಕೆಲಸಕ್ಕೆ ವಾರಸುದಾರರು ಹೆಚ್ಚು ಹುಟ್ಟಲಿಲ್ಲ.

ಅಪವ್ಯಯದ ಪ್ರಶ್ನೆಯನ್ನು ಜೀವಮಾನವಿಡೀ ಬಿಡದೆ ಹಿಡಿದವರು ಜೆ.ಪಿ. ನಾಯಕ. ಕೊಲ್ಹಾಪುರ ಸೀಮೆಯವರು, ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿ ಜೈಲು ಕಂಡು, ಆಮೇಲೆ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆಗೆ ನಿಂತವರು. 1964-66ರ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿ ದೇಶಕ್ಕೆ ಪರಿಚಿತರಾದರು. ಅವರು ಕಟ್ಟಿದ ಭಾರತೀಯ ಶಿಕ್ಷಣ ಸಂಸ್ಥೆ, ಚಿತ್ರಾ ನಾಯಕರ ಮುಂದಾಳತ್ವದಲ್ಲಿ, ಹಗಲು ದುಡಿಯುವ ಮಕ್ಕಳಿಗಾಗಿ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿ ವರ್ಗಗಳನ್ನು ನಡೆಸಿತು. ಮಕ್ಕಳ ಕಲಿಕೆಯನ್ನು 'ಬಾಲಜಾತ್ರೆ'ಯಲ್ಲಿ ಊರವರ ಎದುರೇ ಪರೀಕ್ಷಿಸುವ ಕ್ರಮ ಅಲ್ಲಿತ್ತು. ಆ ವರ್ಗಗಳಲ್ಲಿ ಕೂತ ಹುಡುಗಿಯರಿಗೆ ಇಂದು ಐವತ್ತು ದಾಟಿರಬೇಕು. ಅವರ ಮಕ್ಕಳ ಓದಿನ ಚರಿತ್ರೆಯಲ್ಲಿ ಆ ರಾತ್ರಿಗಳ ಪಾಲೆಷ್ಟು ಎಂಬುದು ಒಳ್ಳೆಯ ಸಂಶೋಧನಾ ಪ್ರಶ್ನೆ.

ಈಗ ಭೋರಿನ ಭೂಗೋಳಕ್ಕೆ ಬರೋಣ, ಏಕೆಂದರೆ ಹುಡುಕಾಟದ ಕಷ್ಟವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ವೇಳವಂಡಿ ನದಿಗೆ 1928ರಲ್ಲಿ ಮುಗಿದ ಭಾಟಘರ ಅಣೆಕಟ್ಟು ನೀರಾ ಕಾಲುವೆಗಳ ಮೂಲಕ ಕೆಳಗಿನ ತಾಲ್ಲೂಕುಗಳಲ್ಲಿ ಕಬ್ಬು ಬೆಳೆಸಿತು; ಮೇಲಿನ ಹಳ್ಳಿಗಳು ಸಹ್ಯಾದ್ರಿಯ ಇಳಿಜಾರಿನಲ್ಲಿ ಮಳೆಗಾಲದ ಭತ್ತಕ್ಕೆ ಅಂಟಿಕೊಂಡೇ ಉಳಿದವು. ದುಡಿಮೆಗೆ ಮೊದಲು ಮುಂಬಯಿ, ಆಮೇಲೆ ಪುಣೆ, ಈಗ ಹೆದ್ದಾರಿ ಪಕ್ಕದ ಶಿರವಳದ ಕಾರ್ಖಾನೆಗಳು. ಕಾತಕರಿ ಆದಿವಾಸಿ ಕುಟುಂಬಗಳು ಇಟ್ಟಿಗೆ ಭಟ್ಟಿಗೆಂದು ಸುಗ್ಗಿ ಮುಗಿದೊಡನೆ ಊರು ಬಿಡುತ್ತವೆ, ಮಕ್ಕಳ ಸಮೇತ. ಹೀಗೆ ಶಾಲೆಯಿಂದ ಅತಿ ಹೆಚ್ಚು ಪಡೆದವರೂ ಏನೂ ಪಡೆಯದವರೂ ಇಬ್ಬರೂ ಸಮೀಕ್ಷೆಯ ದಿನ ಮನೆಯಲ್ಲಿ ಇರುವುದಿಲ್ಲ. ಸಿಗುವವರು ನಡುವಿನವರು. ಇಂಥಲ್ಲಿ ಸರಾಸರಿ ತೆಗೆದರೆ ಎಲ್ಲವೂ ಹದವಾಗಿದೆ ಎಂದೇ ಕಾಣುತ್ತದೆ.

ಆಧಾರಕ್ಕೆ ಇರುವುದು ಶಾಲೆಯ ಜನರಲ್ ರಜಿಸ್ಟರ್. ಅಡ್ಡಗೆರೆಗಳ ಆ ದಪ್ಪ ವಹಿಯಲ್ಲಿ ಮಗುವಿನ ಕ್ರಮಸಂಖ್ಯೆ, ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ದಿನ, ಸೇರಿದ ದಿನ ಮತ್ತು ಇಯತ್ತೆ, ಬಿಟ್ಟ ದಿನ, ಕೊನೆಗೆ 'ಬಿಟ್ಟ ಕಾರಣ' ಇರುತ್ತವೆ. ಈ ಕೊನೆಯ ಕಲಮು ಸಂಶೋಧಕನಿಗೆ ಚಿನ್ನ. ಆದರೆ ಕಲಬೆರಕೆ ಚಿನ್ನ. 'ಸತತ ಗೈರುಹಾಜರಿ', 'ಮುಂದಿನ ಶಿಕ್ಷಣಕ್ಕಾಗಿ', 'ಪಾಲಕರ ವಿನಂತಿಯಂತೆ' ಎಂಬ ಮೂರು ನಾಲ್ಕು ಸಿದ್ಧವಾಕ್ಯಗಳಲ್ಲಿ ಎಲ್ಲರ ಬದುಕೂ ಮುಗಿದುಹೋಗುತ್ತದೆ. 'ಪಾಲಕರ ವಿನಂತಿ'ಯ ಹಿಂದೆ ಬಾಲ್ಯವಿವಾಹವೂ ಇರಬಹುದು, ಸೋದರಮಾವನ ಊರಿನ ಹೈಸ್ಕೂಲೂ ಇರಬಹುದು. ಹುಡುಗಿಯರ ಮಟ್ಟಿಗೆ ಇನ್ನೊಂದು ತೊಡಕು. ಮರಾಠಿ ಮನೆಗಳಲ್ಲಿ ಮದುವೆಯೊಡನೆ ಅಡ್ಡಹೆಸರಷ್ಟೇ ಅಲ್ಲ, ಎಷ್ಟೋ ಸಲ ಹುಟ್ಟುಹೆಸರೂ ಬದಲಾಗುತ್ತದೆ. ರಜಿಸ್ಟರಿನ ಹೆಸರು ಹಿಡಿದು ಗಂಡನ ಊರಿನಲ್ಲಿ ಕೇಳಿದರೆ ಅಂಥವಳು ಇಲ್ಲವೇ ಇಲ್ಲ. ತವರಿಗೆ ಹೋಗಿ ಅಣ್ಣನಿಂದಲೋ ಅತ್ತಿಗೆಯಿಂದಲೋ ಹೊಸ ಹೆಸರು ತಿಳಿದು, ಅಲ್ಲಿಂದ ಮುಂದೆ ನಡೆಯಬೇಕು. ತಂದೆತಾಯಿ ತೀರಿಹೋಗಿ ತವರಿನ ಬಾಗಿಲು ಮುಚ್ಚಿದ್ದರೆ ಆ ಎಳೆ ಅಲ್ಲಿಗೇ ಕಡಿಯಿತು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಕೆಲಸ ಇಲ್ಲಿ ಪಾಠವಾಗಬಲ್ಲದು. 1934ರಿಂದ ಅಲ್ಲಿ ಇಟ್ಟುಕೊಂಡು ಬಂದ ಹೆರಿಗೆ ದಾಖಲೆಗಳನ್ನು ಹಿಡಿದು, ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಹೃದ್ರೋಗ, ಮಧುಮೇಹಗಳಿಗೂ ಇರುವ ಸಂಬಂಧವನ್ನು ಸಂಶೋಧಕರು ಹುಡುಕಿದರು. ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ಸುತ್ತಿ, ಸಿಕ್ಕವರನ್ನು ಹಳೆಯ ದಾಖಲೆಗೆ ತಾಳೆಹಾಕಿದರು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ದಾರಿಯನ್ನು ತಿರುಗಿಸಿತು: ಗರ್ಭಿಣಿಯರಿಂದಲೇ ಹಿಡಿದು, ಹುಟ್ಟಿದ ಮಕ್ಕಳ ಬೆನ್ನುಹತ್ತಿ, ಒಂಬತ್ತು ಹತ್ತರ ವಯಸ್ಸಿನಲ್ಲಿ ಅವರ ಗ್ರಹಿಕೆ, ನೆನಪುಗಳನ್ನೂ ಅಳೆಯಿತು. ಹಿಂದಿನ ದಾಖಲೆಯಿಂದ ಇಂದಿಗೆ ಬರುವ ದಾರಿ ಅಗ್ಗ, ಆದರೆ ಊರು ಬಿಟ್ಟವರು ಕೈತಪ್ಪುತ್ತಾರೆ. ಇಂದಿನಿಂದ ಮುಂದಕ್ಕೆ ನಡೆಯುವುದು ದುಬಾರಿ, ಹತ್ತಾರು ವರ್ಷ ತಾಳ್ಮೆ ಬೇಕು. ನಮ್ಮ ವಿಶ್ವವಿದ್ಯಾಲಯಗಳ ಮೂರು ವರ್ಷದ ಯೋಜನಾ ಅನುದಾನದಲ್ಲಿ ಎರಡನೆಯದು ಆಗುವ ಮಾತಲ್ಲ.

ಇಷ್ಟು ಕಾಯಬೇಕೇ ಎಂಬ ಪ್ರಶ್ನೆಗೆ ಹೊರಗಿನ ಎರಡು ಪ್ರಕರಣ ಸಾಕು. ಅಮೆರಿಕದ ಮಿಶಿಗನ್‌ನ ಪೆರಿ ಶಾಲಾಪೂರ್ವ ಯೋಜನೆಯಲ್ಲಿ 123 ಬಡ ಮಕ್ಕಳಿದ್ದರು. ಬುದ್ಧಿಮಾಪನದಲ್ಲಿ ಕಂಡ ಮೇಲುಗೈ ಕೆಲವೇ ವರ್ಷಗಳಲ್ಲಿ ಕರಗಿತು. ನಲವತ್ತರ ವಯಸ್ಸಿನಲ್ಲಿ ನೋಡಿದಾಗ ಗಳಿಕೆ ಹೆಚ್ಚು, ಬಂಧನಗಳು ಕಡಿಮೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳುವ, ನಮ್ಮದೇ ಮುಂಬಯಿ, ವಡೋದರಾಗಳ 'ಬಾಲಸಖಿ' ಯೋಜನೆಯಲ್ಲೂ ಅಂಕಗಳ ಲಾಭ ಒಂದು ವರ್ಷದೊಳಗೆ ಬಹುಪಾಲು ಸವೆಯಿತು. ಅಲ್ಲಿಗೆ ನಿಲ್ಲಿಸಿದರೆ ಪೆರಿಯನ್ನೂ ಸೋಲು ಎಂದೇ ಬರೆಯಬೇಕಾಗುತ್ತಿತ್ತು. ಹೊರಗಿನ ಎರಡನೆಯ ಪ್ರಕರಣ ಪೆರಿಗೆ ತದ್ವಿರುದ್ಧ. 1939ರಲ್ಲಿ ಶುರುವಾದ ಕೇಂಬ್ರಿಜ್-ಸೊಮರ್‌ವಿಲ್ ಅಧ್ಯಯನದಲ್ಲಿ ದಾರಿ ತಪ್ಪಬಹುದೆಂಬ ಹುಡುಗರ ಮನೆಗೆ ಸಮಾಜಸೇವಕರು ವರ್ಷಗಟ್ಟಲೆ ಹೋಗಿಬಂದರು. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಹುಡುಕಿ ಮಾತಾಡಿಸಿದಾಗ ಮೂರರಲ್ಲಿ ಎರಡು ಪಾಲು ಜನ ಅದರಿಂದ ಒಳ್ಳೆಯದಾಯಿತು ಎಂದರು. ದಾಖಲೆಗಳು ಬೇರೆ ಹೇಳಿದವು: ಕುಡಿತ, ಮರುಅಪರಾಧ, ಅಕಾಲ ಮರಣಗಳಲ್ಲಿ ನೆರವು ಪಡೆದವರೇ ಮುಂದಿದ್ದರು. ಫಲಾನುಭವಿಗಳ ಹೇಳಿಕೆಗಳಿಂದಲೇ ತುಂಬಿದ ನಮ್ಮ ಯೋಜನಾ ಮೌಲ್ಯಮಾಪನಗಳನ್ನು ಓದುವಾಗ ಇದು ನೆನಪಾಗದೆ ಇರದು.

ಜತ್ತ, ಅಕ್ಕಲಕೋಟೆಗಳಲ್ಲಿ ಹುಡುಕಾಟ ರಾಜ್ಯದ ಗಡಿಯನ್ನೇ ದಾಟಬೇಕು. ಅಲ್ಲಿ ಕನ್ನಡದಲ್ಲಿ ಏಳೋ ಹತ್ತೋ ಓದಿದ ಹುಡುಗ ಮುಂದೆ ಮರಾಠಿ ಕಾಲೇಜಿಗೂ ಹೋಗಬಹುದು, ವಿಜಯಪುರಕ್ಕೋ ಕಲಬುರಗಿಗೋ ಬರಬಹುದು. ವಿದ್ಯಾರ್ಥಿಗಳ ಗಣಕ ದಾಖಲೆಗೆ ಮಹಾರಾಷ್ಟ್ರದ 'ಸರಲ್' ಒಂದು ಕಡೆ, ಕರ್ನಾಟಕದ 'ಸ್ಯಾಟ್ಸ್' ಇನ್ನೊಂದು ಕಡೆ. ರಾಷ್ಟ್ರಮಟ್ಟದ ಯು-ಡೈಸ್ ಸಂಖ್ಯೆ ಈಗ ಎರಡನ್ನೂ ಬೆಸೆಯಬಲ್ಲದಾದರೂ 1990ರ ದಶಕದ ಮಕ್ಕಳಿಗೆ ಅದು ಇರಲಿಲ್ಲ. ಅದೂ ಅಲ್ಲದೆ ಶಾಲೆಯ ಸಂಖ್ಯೆ ಹನ್ನೆರಡನೆಯ ತರಗತಿಯೊಡನೆ ಸುಮ್ಮನಾಗುತ್ತದೆ. ನಾವು ಹುಡುಕುವ ಫಲ ಕಾಣತೊಡಗುವುದು ಆಮೇಲೆ.

ಯಾರನ್ನೂ ಹುಡುಕದೆ ದೀರ್ಘಕಾಲದ ಫಲ ತಿಳಿಯುವುದೇ ಇಲ್ಲವೆಂದಲ್ಲ. ಬಿಸಿಯೂಟ ಉಂಡ ಹುಡುಗಿಯರು ತಾಯಂದಿರಾದಾಗ ಅವರ ಮಕ್ಕಳ ಎತ್ತರ ಹೆಚ್ಚಿತ್ತು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದು ರಾಷ್ಟ್ರೀಯ ಸಮೀಕ್ಷೆಗಳ ಜೋಡಣೆಯಿಂದಲೇ. ಹಾರ್ಟಾಗ್ ಲೆಕ್ಕಕ್ಕಿಂತ ಅದು ಎಷ್ಟೋ ಎಚ್ಚರದ ಕೆಲಸ. ಆದರೆ ಇಂಥ ವಿಧಾನಕ್ಕೆ ಲಕ್ಷಗಟ್ಟಲೆ ಮಂದಿ ಬೇಕು. ಇಪ್ಪತ್ತು ಮಕ್ಕಳಿರುವ ಗುಡ್ಡದ ಶಾಲೆಯಿಂದ ವರ್ಷಕ್ಕೆ ನಾಲ್ಕೈದು ಮಂದಿ ಹೊರಬಿದ್ದರೆ ಶೇಕಡಾ ಎಂಬ ಮಾತಿಗೇ ಅರ್ಥವಿಲ್ಲ; ಅಲ್ಲಿ ಒಬ್ಬೊಬ್ಬರ ಕಥೆಯನ್ನೂ ಬರೆದುಕೊಳ್ಳಬೇಕು.

ಆದ್ದರಿಂದ ಮೂರು ತಾಲ್ಲೂಕುಗಳಲ್ಲೂ ಎರಡು ತಂಡಗಳನ್ನು ಆರಿಸುವುದು ಸರಿಯೆಂದು ನನಗೆ ತೋರುತ್ತದೆ: 1996-97ರಲ್ಲಿ ಒಂದನೆಯ ಇಯತ್ತೆಗೆ ಸೇರಿದವರು, 2004-05ರಲ್ಲಿ ಸೇರಿದವರು. ನಡುವೆ 2001ರ ನವೆಂಬರಿನ ಸುಪ್ರೀಂ ಕೋರ್ಟ್ ಆದೇಶ ಬಂದು, ತಿಂಗಳಿಗಿಷ್ಟು ಧಾನ್ಯ ಕೊಡುತ್ತಿದ್ದ ಕಡೆ ಶಾಲೆಯಲ್ಲೇ ಅಡುಗೆ ಆಗತೊಡಗಿತ್ತು. ಸಿಗದವರ ಪಟ್ಟಿಯನ್ನು ಸಿಕ್ಕವರ ಪಟ್ಟಿಯಷ್ಟೇ ವಿವರವಾಗಿ, ಹುಡುಕಾಟ ಎಲ್ಲಿ ನಿಂತಿತು ಎಂಬುದರ ಸಮೇತ ಅಚ್ಚುಹಾಕಬೇಕು. ಇನ್ನು ಗಂಡನ ಮನೆಯ ಪ್ರಶ್ನೆ. ನಾಲ್ಕನೆಯದರಲ್ಲಿ ಬಿಟ್ಟಳೆಂಬುದನ್ನು ಅತ್ತೆಯ ಮುಂದೆ ಹೇಳಿಕೊಳ್ಳದ ಹೆಂಗಸಿನ ಬಾಗಿಲಿಗೆ ಶಾಲೆಯ ವಹಿ ಹಿಡಿದು ಹೋಗುವಂತಿಲ್ಲ. ಒಪ್ಪಿಗೆಯನ್ನು ತವರಿನ ಮೂಲಕ ಮೊದಲೇ ಕೇಳಿ, ಭೇಟಿಯ ಜಾಗವನ್ನು ಅವಳೇ ಗೊತ್ತುಮಾಡುವಂತೆ ಬಿಡಬೇಕು. ಬೇಡವೆಂದರೆ ಅವಳ ಸಾಲಿನೆದುರು 'ಸಿಕ್ಕಿದ್ದಾರೆ, ಮಾತಾಡಲಿಲ್ಲ' ಎಂದು ಬರೆದು ಮುಂದಿನ ಹೆಸರಿಗೆ ಹೋಗಬೇಕು.