ಕಾಶಿಯ ಮಹೋತ್ಸವವೂ ಸಭಾಮರ್ಯಾದೆಯೂ

ವಿದ್ಯಾಪೀಠಗಳ ಮಹೋತ್ಸವದಲ್ಲಿ ಯಾರಿಗೆ ಯಾವ ಆಸನ, ಯಾರ ಉಪನ್ಯಾಸ ಮೊದಲು, ಯಾರದು ಆಮೇಲೆ ಎಂಬುದನ್ನು ನಿಶ್ಚಯಿಸಿದರೆ ಸಭಾಕ್ರಮವು ಸಿದ್ಧವಾಯಿತೆಂದು ಅನೇಕರು ಭಾವಿಸುವರು. ಆದರೆ ಬರಮಾಡಿಕೊಂಡ ಅತಿಥಿಯ ಮಾತನ್ನು ಕೊನೆಯವರೆಗೆ ಕೇಳುವ ಹೊಣೆಯೂ ಆ ಕ್ರಮದಲ್ಲಿ ಸೇರಿದೆ. ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಶಂಕುಸ್ಥಾಪನೆಯ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ರಾಕ್ಷಸ ಸಂವತ್ಸರದ ಮಾಘ ಶುದ್ಧ ಪಾಡ್ಯ, ಎಂದರೆ 1916ನೆಯ ಇಸವಿ ಫೆಬ್ರವರಿ 4ರಂದು, ವೈಸರಾಯ್ ಲಾರ್ಡ್ ಹಾರ್ಡಿಂಜರು ಶಂಕುಸ್ಥಾಪನೆಯನ್ನು ನೆರವೇರಿಸಿದರು. 1912ರಲ್ಲಿ ದೆಹಲಿಯ ಮೆರವಣಿಗೆಯಲ್ಲಿ ಇವರ ಮೇಲೆ ಬಾಂಬು ಬಿದ್ದಿತ್ತು. ಆದಕಾರಣ ಕಾಶಿಯಲ್ಲಿ ಎಲ್ಲೆಲ್ಲಿಯೂ ಗುಪ್ತಚಾರರ ಕಾವಲಿತ್ತು. ಸಂಸ್ಥಾನಾಧೀಶರು ರತ್ನಾಭರಣಭೂಷಿತರಾಗಿ ಬಂದಿದ್ದರು. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರವರೇ ಈ ವಿದ್ಯಾಪೀಠದ ಪ್ರಥಮ ಕುಲಾಧಿಪತಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಪಂಡಿತ ಮದನಮೋಹನ ಮಾಳವೀಯರು ಮುಂದಿನ ದಿನಗಳಿಗೆ ಉಪನ್ಯಾಸಗಳನ್ನು ಏರ್ಪಡಿಸಿದ್ದರು. ಜಗದೀಶಚಂದ್ರ ಬೋಸರಂಥ ವಿಜ್ಞಾನಿಗಳ ಜೊತೆಗೆ ಗಾಂಧಿಯವರಿಗೂ ಆಹ್ವಾನವಿತ್ತು. 1915ರ ಜನವರಿಯಲ್ಲಿ ಸ್ವದೇಶಕ್ಕೆ ಮರಳಿದ್ದ ಅವರು, ಗೋಖಲೆಯವರ ಸಲಹೆಯಂತೆ ಒಂದು ವರ್ಷಕಾಲ ರಾಜಕೀಯ ವಿಷಯಗಳಲ್ಲಿ ಮೌನವಾಗಿದ್ದರು. ಆ ಅವಧಿಯು ಆಗತಾನೆ ಮುಗಿದಿತ್ತು.

ಫೆಬ್ರವರಿ 6ರ ಸಭೆಗೆ ದರ್ಭಾಂಗದ ಮಹಾರಾಜರು ಅಧ್ಯಕ್ಷರು. ಈ ಪುಣ್ಯಕ್ಷೇತ್ರದಲ್ಲಿ ಪರಭಾಷೆಯಲ್ಲಿ ಮಾತನಾಡಬೇಕಾಗಿ ಬಂದುದು ಲಜ್ಜಾಸ್ಪದವೆಂದು ಗಾಂಧಿಯವರು ಆರಂಭದಲ್ಲಿಯೇ ಹೇಳಿದರು. ವಿಶ್ವನಾಥನ ಗುಡಿಯ ಓಣಿಗಳ ಕೊಳೆಯನ್ನೂ, ಬಡ ರೈತರ ನಾಡಿನಲ್ಲಿ ರಾಜರು ಮೆರೆಸುವ ಒಡವೆಗಳನ್ನೂ, ಗುಪ್ತಚಾರರ ಕಾವಲು ಸೂಚಿಸುವ ಅವಿಶ್ವಾಸವನ್ನೂ ಖಂಡಿಸಿದರು. ಬಾಂಬು ಎಸೆಯುವವರ ಪ್ರಸ್ತಾಪ ಬಂದಾಗ ಅವರ ಮಾರ್ಗವನ್ನು ನಿರಾಕರಿಸಿದರಾದರೂ, ವೇದಿಕೆಯ ಮೇಲಿದ್ದ ಶ್ರೀಮತಿ ಆನಿ ಬೆಸೆಂಟರು ಮಾತನ್ನು ನಿಲ್ಲಿಸಬೇಕೆಂದರು.

ಗಾಂಧಿಯವರು ಅಧ್ಯಕ್ಷರ ಕಡೆಗೆ ತಿರುಗಿ ಅವರ ಅಪ್ಪಣೆಯನ್ನು ಕೇಳಿದರು. ಸಭಿಕರು ಮುಂದುವರಿಸಬೇಕೆಂದು ಕೂಗಿದರು. ಅಧ್ಯಕ್ಷರು ಅಭಿಪ್ರಾಯವನ್ನು ವಿಶದಪಡಿಸಬೇಕೆಂದು ಮಾತ್ರ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಪುನಃ ಗದ್ದಲವಾಯಿತು. ರಾಜರೂ ಅಧ್ಯಕ್ಷರೂ ಎದ್ದು ಹೋದರು. ಭಾಷಣವು ಅಪೂರ್ಣವಾಗಿಯೇ ನಿಂತಿತು.

ಬೆಸೆಂಟರ ಭಯವು ನಿಷ್ಕಾರಣವಲ್ಲ. ತಮ್ಮ ಹಿಂದೂ ಕಾಲೇಜನ್ನೇ ಅವರು ಈ ಸಂಸ್ಥೆಗೆ ಧಾರೆಯೆರೆದಿದ್ದರು. ಎಳೆಯ ಸಂಸ್ಥೆಗೆ ಸರ್ಕಾರದ ಅನುಗ್ರಹವೂ ರಾಜರ ದ್ರವ್ಯವೂ ಅವಶ್ಯವಾಗಿದ್ದುವು. ಆದರೂ ಸಭಾಧರ್ಮವನ್ನು ವಿಚಾರಿಸಿದರೆ, ಅದನ್ನು ಮೀರಿದವರು ಉಪನ್ಯಾಸಕರಲ್ಲ. ಅವರು ಪೀಠದ ಆಜ್ಞೆಗೆ ಕಾದಿದ್ದರು. ಪೀಠವು ಮಾತನ್ನು ನಿಲ್ಲಿಸಲೂ ಇಲ್ಲ, ಕಡೆಯವರೆಗೆ ಕೇಳಲೂ ಇಲ್ಲ.

1942ರ ಜನವರಿ 21ರಂದು ಆ ವಿದ್ಯಾಪೀಠದ ರಜತೋತ್ಸವಕ್ಕೆ ಗಾಂಧಿಯವರನ್ನೇ ಮತ್ತೆ ಆಹ್ವಾನಿಸಲಾಯಿತು. ಹಿಂದೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ರಾಧಾಕೃಷ್ಣನ್ನರು ಆಗ ಅಲ್ಲಿಯ ಉಪಕುಲಪತಿಗಳು. ಗಾಂಧಿಯವರು ಆ ದಿನವೂ ಇಂಗ್ಲಿಷಿನ ವ್ಯಾಮೋಹವನ್ನು ಆಕ್ಷೇಪಿಸಿದರು. ಒಮ್ಮೆ ಸಹಿಸದೆ ಹೋದ ಮಾತಿಗೆ ಇಪ್ಪತ್ತಾರು ವರ್ಷಗಳ ಮೇಲೆ ಅದೇ ವಿದ್ಯಾಪೀಠವು ಕಿವಿಗೊಟ್ಟಿತು. ಉತ್ಸವಗಳ ಕಾರ್ಯಕ್ರಮಪತ್ರಿಕೆಯನ್ನು ಬರೆಯುವವರು ವಕ್ತೃವನ್ನು ಆರಿಸುವಷ್ಟೇ ಎಚ್ಚರದಿಂದ ಅಧ್ಯಕ್ಷರನ್ನೂ ಆರಿಸತಕ್ಕದ್ದು.