ಆತಪ, ಉದ್ಯೋತ ಮತ್ತು ಜಮಖಂಡಿಯ ಕಿತ್ತಳೆ ಗೆರೆ

ಇಂದಿನ ಕೊಪ್ಪಳವು ಶಾಸನಗಳ ಕೊಪಣ, ಜೈನರ ಮಹಾತೀರ್ಥ. ಅಶೋಕನ ಶಾಸನವಿರುವ ಇಲ್ಲಿನ ಪಾಲ್ಕಿಗುಂಡು ಬೆಟ್ಟದಲ್ಲಿಯೇ ಜಟಾಸಿಂಹನಂದಿ ಆಚಾರ್ಯರ ಪಾದಗಳೂ ಅವುಗಳನ್ನು ಮಾಡಿಸಿದ ಸಂಗತಿಯನ್ನು ಹೇಳುವ ಕನ್ನಡ ಬರಹವೂ ಇವೆ. ಇವರನ್ನು ವಿದ್ವಾಂಸರು ‘ವರಾಂಗಚರಿತ’ದ ಕರ್ತೃವೆಂದು ಗುರುತಿಸಿದ್ದಾರೆ. ಇಂತಹ ಆಚಾರ್ಯರ ಪರಂಪರೆಯು, ಆಕಾಶದ ಜ್ಯೋತಿಗಳು ಯಾವುದರಿಂದ ಆದವು ಎಂಬ ಪ್ರಶ್ನೆಗೆ ಖಚಿತ ಉತ್ತರವನ್ನು ಕೊಟ್ಟಿತ್ತು.

‘ತತ್ತ್ವಾರ್ಥಸೂತ್ರ’ವು ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ಪ್ರಕೀರ್ಣಕ ತಾರೆಗಳೆಂದು ಜ್ಯೋತಿಷ್ಕರನ್ನು ಐದು ಬಗೆಯಾಗಿ ಹೇಳುತ್ತದೆ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯ ಪ್ರಕಾರ ತಾರೆಗಳು ಸಮತಲ ಭೂಮಿಯಿಂದ 790 ಯೋಜನ, ಸೂರ್ಯ 800 ಯೋಜನ, ಚಂದ್ರ 880 ಯೋಜನ ಎತ್ತರದಲ್ಲಿವೆ. ಇವು ರತ್ನಮಯ ವಿಮಾನಗಳು, ಅಂದರೆ ಪೃಥ್ವೀಕಾಯ. ಸೂರ್ಯಬಿಂಬವು ಮಣ್ಣಿನ ಜಾತಿಯದಾದರೆ ಬಿಸಿಲು ಎಲ್ಲಿಂದ ಬಂತು? ಇದಕ್ಕೆ ಕರ್ಮಶಾಸ್ತ್ರವು ಎರಡು ಪಾರಿಭಾಷಿಕ ಪದಗಳನ್ನಿಟ್ಟಿದೆ. ಬೆಂಕಿಯಲ್ಲಿ ಮೂಲವೂ ಬಿಸಿ. ಆತಪದಲ್ಲಿ ಮೂಲ ಬಿಸಿಯಲ್ಲ, ಪ್ರಭೆ ಮಾತ್ರ ಬಿಸಿ. ಸೂರ್ಯಬಿಂಬ ಇದಕ್ಕೆ ನಿದರ್ಶನ. ಉದ್ಯೋತದಲ್ಲಿ ಪ್ರಭೆಯೂ ತಂಪು. ಚಂದ್ರ ಮತ್ತು ಮಿಂಚುಹುಳು ಇದಕ್ಕೆ ನಿದರ್ಶನ. ನೇಮಿಚಂದ್ರರ ‘ಗೊಮ್ಮಟಸಾರ’ದಲ್ಲಿ ಈ ವಿಭಾಗವಿದೆ. ಆ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನು.

ಇದನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ನೆನೆಯಬೇಕು. 1795ರಲ್ಲಿ ವಿಲಿಯಂ ಹರ್ಷೆಲ್‌ನಂತಹ ಖಗೋಳಜ್ಞನೂ ಸೂರ್ಯನು ತಂಪಾದ ಘನಗೋಳ, ಹೊರಗಿನ ಆವರಣ ಮಾತ್ರ ಪ್ರಕಾಶಮಯ ಎಂದು ವಾದಿಸಿದ್ದನು. ಆತನ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಿದ್ದು ಕೊಪ್ಪಳದ ವಾಯವ್ಯಕ್ಕಿರುವ ಜಮಖಂಡಿಯಲ್ಲಿ. ಮೋಡಗಳ ನಡುವೆಯೂ ರೋಹಿತದರ್ಶಕದಲ್ಲಿ ಸೂರ್ಯನ ಚಾಚಿಕೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಗೆರೆಗಳಾಗಿ ಕಂಡಿತು. ಅಂತಹ ಗೆರೆಗಳು ಉರಿಯುವ ಅನಿಲದ ಗುರುತು. ಕಿತ್ತಳೆ ಗೆರೆಯನ್ನು ಆತನು ಸೋಡಿಯಂನದೆಂದು ಭಾವಿಸಿದನು. ಅದು ಹೀಲಿಯಂನದೆಂಬುದು ಅನಂತರ ಸ್ಪಷ್ಟವಾಯಿತು. ಭೂಮಿಯ ಮೇಲೆ ಹೀಲಿಯಂ ದೊರೆತದ್ದು 1895ರಲ್ಲಿ. ಮೇಘನಾದ ಸಾಹಾ 1920ರಲ್ಲಿ ರೂಪಿಸಿದ ಸಮೀಕರಣವನ್ನು ಬಳಸಿ, 1925ರಲ್ಲಿ ಸಿಸಿಲಿಯಾ ಪೇನ್ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅತ್ಯಧಿಕವೆಂಬ ಫಲಿತಾಂಶಕ್ಕೆ ಬಂದರು.

ಆಗಮದಲ್ಲಿ ಹೈಡ್ರೋಜನ್ನನ್ನು ಹುಡುಕುವುದು ಸಂಶೋಧನೆಯಲ್ಲ. ಆತಪ, ಉದ್ಯೋತಗಳೆರಡನ್ನೂ ‘ಬೆಳಕು’ ಎಂದು ಅನುವಾದಿಸಿ ಮುಂದೆ ಸಾಗುವುದೂ ಸಂಪಾದನೆಯಲ್ಲ. ಉತ್ತರ ಬದಲಾಗಿದೆ, ನಿಜ. ಆದರೆ ಉಷ್ಣವನ್ನೂ ಪ್ರಭೆಯನ್ನೂ ಬೇರ್ಪಡಿಸಿ ಕೇಳಿದ ಪ್ರಶ್ನೆಯ ಸೂಕ್ಷ್ಮತೆ ಆ ಎರಡು ಪದಗಳಲ್ಲಿಯೇ ಉಳಿದಿದೆ. ಅನುವಾದದಲ್ಲಿ ಅವು ಒಂದಾದರೆ ಪ್ರಶ್ನೆಯೇ ಅಳಿಯುತ್ತದೆ.